ಮೊದಲು ಅಪ್ಪ, ಆಮೇಲೆ ಕಡ್ಡಿ

ನನ್ನ ಗಂಟಲು ದೊಡ್ಡದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ಮನೆಗೆ ಬಂದವರೆಲ್ಲ ಕೂರುವ ಮೊದಲೇ ಹೇಳುವ ಮಾತು ಅದೇ. "ಸ್ವಲ್ಪ ಮೆಲ್ಲಗೆ ಮಾತಾಡಿ ಮಾರಾಯ್ರೆ, ನಾವು ಇಲ್ಲೇ ಇದ್ದೀವಿ." ಅಲ್ಲ, ನಾನು ಕೇಳುತ್ತೇನೆ, ಬೆಳಗಿನಿಂದ ಸಂಜೆಯವರೆಗೆ ಕಿವಿಯ ಪಕ್ಕದಲ್ಲೇ ಗ್ರೈಂಡರ್ ಕೊರೆಯುತ್ತಿದ್ದರೆ ಯಾರ ಗಂಟಲು ಮೆತ್ತಗಿರುತ್ತದೆ? ನಾನು ಹಲ್ಲು ಮಾಡುವವನು. ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಆ ಅಚ್ಚಿಗೆ ಸರಿಯಾಗಿ ಕೂರುವ ಸೆಟ್ಟು ಮಾಡಿ ಕೊಡುವವನು ನಾನು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಕಿಟಕಿಗೆ ಒರಗಿಸಿದ ಮೇಜು, ಅದರ ಮೇಲೆ ಮೇಣ, ಸಣ್ಣ ದೀಪ, ಉಜ್ಜುವ ಚಕ್ರ, ಮತ್ತು ಇಡೀ ದಿನ ನನ್ನನ್ನು ನೋಡಿ ಹಲ್ಲು ಕಿರಿಯುತ್ತ ಸಾಲಾಗಿ ಕೂತಿರುವ ಬೇರೆಯವರ ಬಾಯಿಗಳು.

ನನ್ನ ಹೆಂಡತಿ ಇದಕ್ಕೆ ತದ್ವಿರುದ್ಧ. ಅವಳು ವಿಮಾನ ನಿಲ್ದಾಣದ ಟವರಿನಲ್ಲಿ ಕೆಲಸ ಮಾಡುತ್ತಾಳೆ. ಯಾವ ವಿಮಾನ ಇಳಿಯಬೇಕು, ಯಾವುದು ಕಾಯಬೇಕು, ಯಾವುದು ಎಷ್ಟು ಎತ್ತರದಲ್ಲಿರಬೇಕು ಎಂದು ಪೈಲಟ್‌ಗಳಿಗೆ ಹೇಳುವ ಕೆಲಸ. ಅಲ್ಲಿ ದನಿ ಏರಿಸುವಂತಿಲ್ಲ. ಆಕಾಶ ಕಳಚಿ ಬೀಳುತ್ತಿದ್ದರೂ ಟೀ ಕುಡಿಯಲು ಕರೆದ ಹಾಗೆ ಹೇಳಬೇಕು. ಪೈಲಟ್‌ಗೆ ಕೇಳಿಸಲಿಲ್ಲವೋ, ಅದೇ ಮಾತು, ಅದೇ ದನಿ, ಇನ್ನೊಂದು ಸಲ. ಮದುವೆಯಾದ ಹೊಸದರಲ್ಲಿ ನಾನು ಜಗಳ ತೆಗೆದರೆ ಅವಳು ಇದೇ ದನಿಯಲ್ಲಿ ಉತ್ತರ ಕೊಡುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಜಗಳಕ್ಕೂ ಒಂದು ಮರ್ಯಾದೆ ಬೇಡವೇ?

ಟವರಿನಿಂದ ಅವಳು ಮನೆಗೆ ತಂದ ಇನ್ನೊಂದು ಪದ್ಧತಿ ಎಂದರೆ ತಿರುಗಿ ಹೇಳುವುದು. ಅಲ್ಲಿ ಪೈಲಟ್‌ಗೆ ಏನೇ ಹೇಳಿದರೂ ಅವನು ಅದನ್ನು ಹಾಗೆಯೇ ತಿರುಗಿ ಹೇಳಬೇಕು. ಸರಿ, ಆಯ್ತು, ಹ್ಞೂಂ ಎಂದರೆಲ್ಲ ನಡೆಯುವುದಿಲ್ಲ. ತಿರುಗಿ ಹೇಳಿದ್ದರಲ್ಲಿ ಒಂದು ಅಂಕಿ ಆಚೀಚೆಯಾದರೂ ಟವರಿನವರು ಅದನ್ನು ಹಿಡಿಯಬೇಕು. ಹಾಗೆ ಹಿಡಿಯುವುದರಲ್ಲಿ ನನ್ನ ಹೆಂಡತಿಯ ಕಿವಿ ಇಡೀ ಟವರಿಗೇ ಹೆಸರುವಾಸಿ. ಮನೆಯಲ್ಲಿ ಈ ಪದ್ಧತಿ ಶುರುವಾಗಲು ಕಾರಣ ನಾನೇ. ಒಂದು ದಿನ ಅವಳು ಕೆಲಸಕ್ಕೆ ಹೊರಡುವಾಗ "ಒಲೆ ಆರಿಸು" ಎಂದಳು, ನಾನು ಗ್ರೈಂಡರ್ ನಿಲ್ಲಿಸದೆ "ಹ್ಞೂಂ" ಎಂದೆ. ಪಾತ್ರೆಯ ತಳ ಸುಟ್ಟು ಕರಕಲಾಗಿ, ಹೊಗೆ ನೋಡಿ ಎದುರುಮನೆಯ ಮೇಷ್ಟ್ರು ಬಕೆಟ್ ಹಿಡಿದುಕೊಂಡು ಓಡಿಬಂದರು. ಆವತ್ತಿನಿಂದ ಕಾನೂನು ಜಾರಿಯಾಯಿತು.

ಕಾನೂನು ಹೀಗೆ. ಊಟದ ಹೊತ್ತಿಗೆ ಅವಳು ಮರುದಿನದ ಏರ್ಪಾಡನ್ನು ಹೇಳುತ್ತಾಳೆ. ಮನೆಯ ಮಹಾ ಮರೆಗುಳಿ ನಾನಾದ್ದರಿಂದ ಮೊದಲು ನಾನು ತಿರುಗಿ ಹೇಳಬೇಕು. ಆಮೇಲೆ ನಮ್ಮ ಮಗಳು. ಎರಡನೇ ಕ್ಲಾಸಿನಲ್ಲಿ ಓದುವ ಅವಳನ್ನು ನಾವು ಕರೆಯುವುದು ಕಡ್ಡಿ ಎಂದು. ಏನು ತಿಂದರೂ ಮೈಗೆ ಹತ್ತುವುದಿಲ್ಲ, ಅದಕ್ಕೆ.

"ನಾಳೆ ನಂದು ಬೆಳಗಿನ ಪಾಳಿ. ಕಡ್ಡೀನ ಸ್ಕೂಲಿಂದ ಅಪ್ಪ ಕರ್ಕೊಂಡು ಬರ್ತಾರೆ. ನೀಲಿ ಸ್ವೆಟರ್ ಹಾಕ್ಕೋಬೇಕು," ಎನ್ನುತ್ತಾಳೆ ಅವಳು.

"ನಾಳೆ ಬೆಳಗಿನ ಪಾಳಿ! ನಾನು ಕರ್ಕೊಂಡು ಬರ್ತೀನಿ! ನೀಲಿ ಸ್ವೆಟರ್!" ಎಂದು ನಾನು ಸೂರು ಹಾರಿಹೋಗುವಂತೆ ಹೇಳುತ್ತೇನೆ.

"ನಾಳೆ ಬೆಳಗಿನ ಪಾಳಿ. ಅಪ್ಪ ಕರ್ಕೊಂಡು ಬರ್ತಾರೆ. ನೀಲಿ ಸ್ವೆಟರ್," ಎನ್ನುತ್ತಾಳೆ ಕಡ್ಡಿ, ಗಿಣಿಯ ಹಾಗೆ.

ಕಡ್ಡಿ ಒಂದು ಸಲವೂ ತಪ್ಪಿದವಳಲ್ಲ. ಹೆಂಡತಿ ನನ್ನ ಕಡೆ ನೋಡಿ, "ನೋಡು, ಮಗು ಎಷ್ಟು ಚೆನ್ನಾಗಿ ಹೇಳ್ತಾಳೆ. ನೀನೂ ಇದ್ದೀಯ, ಸ್ವೆಟರ್ ಬಣ್ಣ ಮರೀತೀಯ," ಎಂದು ಚುಚ್ಚುತ್ತಿದ್ದಳು.

ಈ ವರ್ಷ ಅವಳ ತಲೆಯಲ್ಲಿ ಇದ್ದದ್ದು ಒಂದೇ ವಿಷಯ. ಟವರಿನಲ್ಲಿ ಪಾಳಿಯ ಮುಖ್ಯಸ್ಥರ ಕುರ್ಚಿಯೊಂದು ಖಾಲಿಯಾಗಿತ್ತು. ಆ ಕುರ್ಚಿ ಸಿಕ್ಕರೆ ರಾತ್ರಿ ಪಾಳಿಯ ಕಾಟ ತಪ್ಪುತ್ತದೆ, ಹಗಲು ಹೋಗಿ ಸಂಜೆ ಬರಬಹುದು. ಅದಕ್ಕಿಂತ ಹೆಚ್ಚಾಗಿ, ಆ ಕುರ್ಚಿ ಅವಳಿಗೆ ಬೇಕಿತ್ತು. ಸುಮ್ಮನೆ ಮನೆಗೋಸ್ಕರ ಎಂದು ನಾಟಕ ಆಡುವವಳಲ್ಲ ಅವಳು. "ನಂಗೆ ಬೇಕು. ನಾನು ಅದನ್ನ ಚೆನ್ನಾಗಿ ಮಾಡ್ತೀನಿ," ಎಂದು ನೇರವಾಗಿ ಹೇಳಿದ್ದಳು. ಹೊರಗಿನಿಂದ ಒಬ್ಬ ಪರೀಕ್ಷಕರು ಬಂದು, ಒಂದು ಇಡೀ ದಿನ ಅವಳ ಬೆನ್ನ ಹಿಂದೆ ಕೂತು, ಅವಳ ಕೆಲಸ ನೋಡಿ ತೀರ್ಮಾನಿಸುತ್ತಾರೆ. ದಿನ ಗುರುವಾರ ಎಂದು ಗೊತ್ತಾಗಿತ್ತು.

ಅದರ ಹಿಂದಿನ ವಾರ ಸ್ಕೂಲಿನಿಂದ ಕರೆ ಬಂತು, ಇಬ್ಬರೂ ಹೋದೆವು. ಟೀಚರ್ ಒಳ್ಳೆಯವರೇ, ಮಾತು ಮಾತ್ರ ಸುತ್ತಿ ಬಳಸಿ. ಕಡ್ಡಿಗೆ ಪಾಠದ ಮೇಲೆ ಗಮನ ಇಲ್ಲ, ಕಿಟಕಿಯ ಆಚೆ ನೋಡುತ್ತಾಳೆ, ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಾಳೆ ಎಂದೆಲ್ಲ ಹೇಳಿ, ಕೊನೆಗೆ ನನ್ನ ಹೆಂಡತಿಯ ಕಡೆ ತಿರುಗಿ ದನಿ ತಗ್ಗಿಸಿದರು.

"ಮನೇಲಿ ನಿನ್ನ ಜೊತೆ ಯಾರು ಜಾಸ್ತಿ ಮಾತಾಡ್ತಾರೆ ಅಂತ ಕೇಳಿದೆ. ಅಪ್ಪ ಅಂದ್ಲು. ಅಮ್ಮ ಮಾತಾಡಲ್ವಾ ಅಂತ ಕೇಳಿದ್ರೆ, ಅಮ್ಮ ನನ್ನ ಜೊತೆ ಮಾತಾಡಲ್ಲ ಅಂದ್ಲು. ನಿಮ್ಮ ಕೆಲಸ ಕಷ್ಟದ್ದು, ಅರ್ಥ ಆಗುತ್ತೆ. ಆದ್ರೂ ಈ ವಯಸ್ಸು ಮತ್ತೆ ಬರಲ್ಲ ನೋಡಿ."

ನನ್ನ ಹೆಂಡತಿ ಕಡ್ಡಿಯ ಕೈಹಿಡಿದು ಹೊರಟಳು. ಬಸ್ಸಿನಲ್ಲಿ ಮನೆಯವರೆಗೂ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಕಡ್ಡಿ ಎಂದಿನಂತೆ ಅವಳಿಗೆ ಅಂಟಿಕೊಂಡು, ಕಿವಿಯನ್ನು ಅವಳ ತೋಳಿಗೆ ಒತ್ತಿಕೊಂಡು ಮಲಗಿತ್ತು. ಅದು ಆ ಮಗುವಿನ ಅಭ್ಯಾಸ. ಅಮ್ಮ ಮನೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದರೆ ಹಿಂದಿನಿಂದ ಹೋಗಿ ಬೆನ್ನಿಗೆ ಕಿವಿ ಹಚ್ಚಿ ನಿಂತುಬಿಡುತ್ತಿತ್ತು. ಮಾತು ಮುಗಿಯುವವರೆಗೆ ಅಲುಗುತ್ತಿರಲಿಲ್ಲ.

ಅದೇ ಭಾನುವಾರ ನನ್ನ ಅಕ್ಕ ಬಂದಳು. ಅಕ್ಕ ಎಂದರೆ ನನಗೆ ಜೀವ, ಆದರೆ ಎಲ್ಲಿ ಮೂಗು ತೂರಿಸಬಾರದೋ ಅಲ್ಲೇ ಅವಳ ಮೂಗು ಇರುತ್ತದೆ. ಕಡ್ಡಿ ಅಮ್ಮನ ಬೆನ್ನಿಗೆ ಅಂಟಿಕೊಂಡು ನಿಂತದ್ದನ್ನು ನೋಡಿದಳು. ನೋಡಿ ಸುಮ್ಮನಿರುವ ಜಾತಿಯೇ ಅದು?

"ಅಯ್ಯೋ ಪಾಪ, ನೋಡು ಆ ಕೂಸು ಹೇಗೆ ಅಂಟ್ಕೊಂಡಿದೆ. ಸಿಕ್ಕಾಗಷ್ಟೇ ಅಮ್ಮ ಅಂತ ಅದಕ್ಕೂ ಗೊತ್ತು. ಅಲ್ಲಮ್ಮಾ, ಆಕಾಶದಲ್ಲಿ ಹೋಗೋರಿಗೆಲ್ಲ ದಾರಿ ತೋರಿಸ್ತೀಯ, ಮನೇಲಿರೋ ಮಗೂನ ಯಾರು ನೋಡ್ಬೇಕು?"

"ಅಕ್ಕಾ, ಸಾಕು!" ಎಂದೆ ನಾನು. ನನ್ನ 'ಸಾಕು' ಬೀದಿಯ ಕೊನೆಗೆ ಕೇಳಿಸಿರಬೇಕು. ಅಕ್ಕ ಮುಖ ಊದಿಸಿಕೊಂಡು ಟೀ ಕುಡಿದು ಹೋದಳು. ಅವಳಿಗೆ ಬಾಯಿ ಮುಚ್ಚಿಸಿದೆ ಎಂದು ನಾನು ಎದೆ ಉಬ್ಬಿಸಿದ್ದು ನಿಜ. ಆದರೆ ನಿಜ ಹೇಳಬೇಕೆಂದರೆ ನನ್ನೊಳಗೂ ಒಬ್ಬಳು ಅಕ್ಕ ಕೂತಿದ್ದಳು. ಅಮ್ಮ ಇನ್ನೂ ಸ್ವಲ್ಪ ಹೊತ್ತು ಮನೆಯಲ್ಲಿದ್ದಿದ್ದರೆ ಕಡ್ಡಿ ಹೀಗೆ ಹೇಳುತ್ತಿರಲಿಲ್ಲವೇನೋ ಎಂದು ಆ ಅಕ್ಕ ಒಳಗಿನಿಂದಲೇ ಪಿಸುಗುಟ್ಟುತ್ತಿದ್ದಳು.

ಹೆಂಡತಿ ಆವತ್ತು ಸಂಜೆ ಪಾತ್ರೆ ಒರೆಸುತ್ತ ಹೇಳಿದಳು, "ನಾನು ಗುರುವಾರ ಕೂರಲ್ಲ. ಸಾಹೇಬರಿಗೆ ಹೇಳ್ಬಿಡ್ತೀನಿ. ಆಮೇಲೆ ಅರ್ಧ ದಿನದ ಕೆಲಸ ಏನಾದ್ರೂ ಕೊಡ್ತಾರಾ ಅಂತ ಕೇಳ್ತೀನಿ."

ಅದೇ ಟವರಿನ ದನಿ. ಏರಿಲ್ಲ, ಇಳಿದಿಲ್ಲ. ಆದರೆ ಒಂದೇ ತಟ್ಟೆಯನ್ನು ಒರೆಸುತ್ತಲೇ ಇದ್ದಳು. ಬೇಡ ಅನ್ನಬೇಕು ಎಂದು ಬಾಯಿ ತೆರೆದೆ, ಒಳಗಿನ ಅಕ್ಕ ಬಾಯಿ ಮುಚ್ಚಿದಳು. "ಇನ್ನೆರಡು ದಿನ ಯೋಚನೆ ಮಾಡು," ಎಂದಷ್ಟೇ ಹೇಳಿದೆ.

ಆ ಎರಡು ದಿನದಲ್ಲಿ ನನಗೆ ನೆಗಡಿ ಹಿಡಿಯಿತು. ಮೊದಲೇ ಹಲ್ಲು ಉಜ್ಜಿದ ಪುಡಿ ಗಂಟಲಿಗೆ ಹೋಗುತ್ತಿರುತ್ತದೆ, ಅದರ ಮೇಲೆ ನೆಗಡಿ. ಮಂಗಳವಾರ ಏಳುವ ಹೊತ್ತಿಗೆ ನನ್ನ ದನಿ ಹೇಳದೆ ಕೇಳದೆ ಮನೆಬಿಟ್ಟು ಹೋಗಿತ್ತು. ಬಾಯಿ ತೆರೆದರೆ ಬರೀ ಗಾಳಿ. ಎದುರುಮನೆಯ ಮೇಷ್ಟ್ರು ಮೆಟ್ಟಿಲಲ್ಲಿ ಸಿಕ್ಕವರು ನನ್ನ ಕಥೆ ತಿಳಿದು, "ಅಂತೂ ಬೀದಿಗೆ ಒಂದು ದಿನ ರಜೆ ಸಿಕ್ತು," ಎಂದು ನಕ್ಕರು. ತಿರುಗಿ ಬೈಯೋಣವೆಂದರೆ ಶಬ್ದವಿಲ್ಲ. ಹಲ್ಲು ಕಡಿದು ಸುಮ್ಮನಾದೆ.

ಸಂಜೆ ಊಟಕ್ಕೆ ಮೂವರೂ ಕೂತೆವು. ಹೆಂಡತಿ ಎಂದಿನಂತೆ ನಾಳೆಯ ಏರ್ಪಾಡು ಹೇಳಿದಳು.

"ನಾಳೆ ನಾನು ಮಧ್ಯಾಹ್ನ ಹೊರಡ್ತೀನಿ. ಸ್ಕೂಲ್ ಗೇಟ್ ಹತ್ರ ಮೇಷ್ಟ್ರ ಹೆಂಡತಿ ಇರ್ತಾರೆ. ಅವರ ಜೊತೆ ಬಾ."

ನಾನು ಗಂಟಲು ತೋರಿಸಿ ಕೈಯಾಡಿಸಿದೆ. ಇವತ್ತು ನನಗೆ ವಿನಾಯಿತಿ. ಕಡ್ಡಿ ನನ್ನ ಮುಖ ನೋಡುತ್ತಿತ್ತು. ನಾನು ಹೇಳುವುದನ್ನೇ ಕಾಯುತ್ತಿರುವ ಹಾಗೆ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿತ್ತು.

"ಕಡ್ಡಿ, ಅಪ್ಪಂಗೆ ಗಂಟಲು ನೋವು. ನೀನು ಹೇಳು."

ಕಡ್ಡಿ ಅಮ್ಮನ ಕಡೆ ತಿರುಗಿತು. ಮತ್ತೆ ನನ್ನ ಕಡೆ. ಅದರ ಮುಖದಲ್ಲಿ ನಾನು ಎಂದೂ ನೋಡಿರದ ಒಂದು ಹೆದರಿಕೆ ಇತ್ತು.

ಹೆಂಡತಿ ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿದಳು.

"ಹೋಮ್‌ವರ್ಕ್ ಮುಗಿಸಿದೆ," ಎಂದಿತು ಕಡ್ಡಿ.

ನಾನು ನಗಲು ಹೊರಟೆ. ಮಗು ತಮಾಷೆ ಮಾಡುತ್ತಿದೆ ಎಂದುಕೊಂಡೆ. ಆದರೆ ಹೆಂಡತಿಯ ಚಮಚ ಅರ್ಧ ದಾರಿಯಲ್ಲೇ ನಿಂತಿತ್ತು. ತಿರುಗಿ ಹೇಳಿದ್ದು ತಪ್ಪಾದಾಗ ಹಿಡಿಯುವ ಕಿವಿ ಅದು. ಎಷ್ಟೋ ವರ್ಷಗಳಿಂದ, ಮಳೆಯಲ್ಲಿ, ಮಂಜಿನಲ್ಲಿ, ಗೊರಗೊರ ಎನ್ನುವ ರೇಡಿಯೋದಲ್ಲಿ ಅಪರಿಚಿತರ ತಪ್ಪು ಹಿಡಿದ ಕಿವಿ. ಅವಳು ಚಮಚ ಕೆಳಗಿಟ್ಟಳು, ಎದ್ದು ಹೋಗಿ ಕಡ್ಡಿಯ ಕುರ್ಚಿಯ ಹಿಂದೆ ನಿಂತಳು, ಮತ್ತು ಟವರಿನಲ್ಲಿ ರೇಡಿಯೋ ಮೇಲೆ ಅನುಮಾನ ಬಂದಾಗ ಕೇಳುವ ಪ್ರಶ್ನೆಯನ್ನು ಕೇಳಿದಳು.

"ನನ್ನ ಮಾತು ಹೇಗೆ ಕೇಳ್ತಿದೆ?"

ಕಡ್ಡಿ ತಟ್ಟೆಯಲ್ಲಿ ಗೆರೆ ಎಳೆಯುತ್ತಿತ್ತು.

"ಕಡ್ಡಿ. ನನ್ನ ಮಾತು ಹೇಗೆ ಕೇಳ್ತಿದೆ?"

ಕಡ್ಡಿ ನನ್ನ ಕಡೆ ನೋಡಿ, "ಅಮ್ಮ ಎಲ್ಲಿ ಹೋದ್ರು?" ಎಂದಿತು.

ಆ ಒಂದು ಕ್ಷಣದಲ್ಲಿ ನನಗೆ ಎಲ್ಲವೂ ತಿಳಿಯಿತು, ಅವಳಿಗೂ ತಿಳಿಯಿತು. ಮಗು ಇಷ್ಟು ದಿನ ತಿರುಗಿ ಹೇಳುತ್ತಿದ್ದದ್ದು ಅಮ್ಮನ ಮಾತನ್ನಲ್ಲ, ನನ್ನ ಕಿರುಚಾಟವನ್ನು. ಮೊದಲು ಅಪ್ಪ, ಆಮೇಲೆ ಕಡ್ಡಿ ಎಂದು ನಾವೇ ಸಾಲು ಹಚ್ಚಿಕೊಟ್ಟಿದ್ದೆವು. ಅಮ್ಮ ತುಟಿ ಆಡಿಸುತ್ತಾಳೆ, ಅಪ್ಪ ಕೂಗುತ್ತಾನೆ, ಅಪ್ಪ ಕೂಗಿದ್ದನ್ನು ಹೇಳಿದರೆ ಅಮ್ಮ ಖುಷಿಪಡುತ್ತಾಳೆ. ಆ ಮಗುವಿನ ಲೆಕ್ಕಾಚಾರ ಅಷ್ಟೇ. ಅಮ್ಮ ತನ್ನ ಜೊತೆ ಮಾತಾಡುವುದಿಲ್ಲ ಎಂದು ಅದು ಟೀಚರಿಗೆ ಹೇಳಿದ್ದರಲ್ಲಿ ದೂರೂ ಇರಲಿಲ್ಲ, ಕೊರಗೂ ಇರಲಿಲ್ಲ. ತನಗೆ ಕಂಡದ್ದನ್ನು ಕಂಡ ಹಾಗೆ ಹೇಳಿತ್ತು. ಕೇಳಿದ ದೊಡ್ಡವರೆಲ್ಲ, ಟೀಚರ್, ಅಕ್ಕ, ನಾನು, ಕೊನೆಗೆ ಅವಳೂ, ಅಮ್ಮ ಕೆಲಸಕ್ಕೆ ಹೋಗುತ್ತಾಳಲ್ಲ, ಅದಕ್ಕೇ ಎಂದು ತಲೆಯಾಡಿಸಿಬಿಟ್ಟಿದ್ದೆವು. ಮಗುವಿನ ಕಿವಿ ನೋಡಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.

ಮರುದಿನ ಬೆಳಗ್ಗೆಯೇ ಹೆಂಡತಿ ಕಿವಿಯ ಡಾಕ್ಟರಿಗೆ ಫೋನು ಮಾಡಿದಳು. ಯಾರೋ ರದ್ದು ಮಾಡಿದ್ದರಿಂದ ಗುರುವಾರ ಬೆಳಗ್ಗೆ ಒಂದು ಜಾಗ ಖಾಲಿ ಇದೆ, ಅದು ಬಿಟ್ಟರೆ ಮುಂದಿನ ತಿಂಗಳು ಎಂದರು. ಅವಳ ಸಾಹೇಬರಿಗೂ ಫೋನು ಹೋಯಿತು, ಆವತ್ತಿನ ಪಾಳಿಗೆ ರಜೆ ಹೇಳಿದಳು. ಪರೀಕ್ಷಕರು ಬರುವುದು ಒಂದೇ ದಿನ, ತಪ್ಪಿದರೆ ಮುಂದಿನ ವರ್ಷವೇ ಸೈ, ಯೋಚನೆ ಮಾಡಿ ಸಂಜೆಯೊಳಗೆ ಹೇಳಿ ಎಂದರಂತೆ. ಇದನ್ನೆಲ್ಲ ನನ್ನ ಅಂಗಡಿಗೆ ಬಂದು, ಮೇಣದ ಡಬ್ಬಿ ಸರಿಸಿ, ಸ್ಟೂಲಿನ ಮೇಲೆ ಕೂತು ಹೇಳಿದಳು.

"ಯೋಚನೆ ಏನಿದೆ? ಬರಲ್ಲ ಅಂತ ಹೇಳ್ತೀನಿ."

"ಕಡ್ಡೀನ ನಾನು ಕರ್ಕೊಂಡು ಹೋಗ್ತೀನಿ," ಎಂದೆ. ದನಿ ಇನ್ನೂ ಬಂದಿರಲಿಲ್ಲ. ಪಿಸುಪಿಸು ಎಂದೇ ಹೇಳಬೇಕಾಯಿತು.

"ಡಾಕ್ಟರ ಹತ್ರ ಹೋಗೋ ವಿಷಯ ಅಲ್ಲ ಅದು." ಅವಳು ಒಂದು ಹಲ್ಲಿನ ಸೆಟ್ಟನ್ನು ಕೈಗೆತ್ತಿಕೊಂಡು ನೋಡದೆಯೇ ತಿರುಗಿಸುತ್ತಿದ್ದಳು. "ಯಾರಿಗೆ ಕೇಳಿಸಿಲ್ಲ ಅಂತ ಕಂಡುಹಿಡಿಯೋದೇ ನನ್ನ ಕೆಲಸ. ಆಕಾಶದಲ್ಲಿರೋರದ್ದೆಲ್ಲ ಹಿಡಿದೆ. ಕೈಯಳತೆ ದೂರದಲ್ಲಿ ಕೂತಿರೋ ನನ್ನ ಮಗಳದ್ದು ಗೊತ್ತಾಗಲಿಲ್ಲ. ಯಾವ ಮುಖ ಇಟ್ಕೊಂಡು ಆ ಕುರ್ಚಿ ಮೇಲೆ ಕೂರ್ಲಿ?"

ಅವಳ ಕಣ್ಣು ತುಂಬಿತ್ತು. ದನಿ ಮಾತ್ರ ಈಗಲೂ ಅದೇ. ಆ ದನಿಯ ಮೇಲೆ ನನಗೆ ಕೋಪ ಬಂತು, ಆಮೇಲೆ ನನ್ನ ಮೇಲೆಯೇ ಕೋಪ ಬಂತು. ಕಿರುಚಬೇಕು ಅನಿಸಿತು. ಕಿರುಚಲು ಗಂಟಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ನಾನು ಅವಳೊಡನೆ ಅವಳಷ್ಟೇ ಮೆತ್ತಗೆ ಜಗಳವಾಡಿದೆ.

"ನಾನು ಇಡೀ ದಿನ ಎಲ್ಲಿರ್ತೀನಿ?"

"ಏನು?"

"ಹೇಳು. ಇಡೀ ದಿನ ನಾನು ಎಲ್ಲಿರ್ತೀನಿ?"

"ಇಲ್ಲೇ."

"ಇಲ್ಲೇ. ಮನೇಲೇ. ಅವಳಿಗೆ ಊಟಕ್ಕೆ ಹಾಕೋನು ನಾನು, ಜಡೆ ಹಾಕೋನು ನಾನು, ದಿನಾ ಕರ್ಕೊಂಡು ಬರೋನು ನಾನು. ನಂಗೂ ಗೊತ್ತಾಗಲಿಲ್ಲ. ಟೀಚರ್ ನಂಗೇನಾದ್ರೂ ಅಂದ್ರಾ? ಅಕ್ಕ ಅಂದ್ಲಾ? ಮಗೂಗೋಸ್ಕರ ಹಲ್ಲು ಮಾಡೋದು ಬಿಡು ಅಂತ ಯಾರಾದ್ರೂ ನಂಗೆ ಹೇಳಿದ್ರಾ?"

ಅವಳು ಸೆಟ್ಟನ್ನು ತಿರುಗಿಸುವುದು ನಿಲ್ಲಿಸಿದಳು.

"ನಾನೇ ಹೇಳ್ಕೊಳ್ಳಲಿಲ್ಲ," ಎಂದೆ. "ನಿನ್ನ ತಪ್ಪು ಅಂತ ಎಲ್ಲರೂ ಅಂದ್ರು, ಹೌದೇನೋ ಅಂತ ನಾನೂ ಅಂದ್ಕೊಂಡೆ. ಅವಳ ಕಿವಿಗೆ ಏನೋ ಆಗಿದೆ. ನೀನು ಕುರ್ಚಿ ಬಿಟ್ರೆ ಅದು ವಾಸಿ ಆಗುತ್ತಾ? ಇಡೀ ದಿನ ಮನೇಲಿ ಕೂತು ಇದೇ ದನೀಲಿ ಮಾತಾಡ್ತಿದ್ರೆ ಅವಳಿಗೆ ಅದು ಕೇಳ್ತಿತ್ತಾ?"

ಇಷ್ಟು ಹೇಳುವಷ್ಟರಲ್ಲಿ ಗಂಟಲು ಹರಿದುಹೋದಂತೆ ಉರಿಯಿತು. ಅವಳು ಸೆಟ್ಟನ್ನು ಅದರ ಅಚ್ಚಿನ ಮೇಲೆ ಇಟ್ಟು, "ಇದು ಮೇಲಿನದ್ದಾ ಕೆಳಗಿನದ್ದಾ?" ಎಂದು ಕೇಳಿದಳು. ತಪ್ಪಾಗಿ ಇಟ್ಟಿದ್ದಳು. ನಾನು ತೆಗೆದು ಸರಿಯಾಗಿ ಇಟ್ಟೆ. ಅವಳು ಗುರುವಾರ ಹೋಗುತ್ತೇನೆ ಎಂದೂ ಹೇಳಲಿಲ್ಲ, ಹೋಗುವುದಿಲ್ಲ ಎಂದೂ ಹೇಳಲಿಲ್ಲ. ಸಂಜೆ ಸಾಹೇಬರಿಗೆ ಫೋನು ಮಾಡಿದ್ದು ಮಾತ್ರ ನೋಡಿದೆ. ಕಡ್ಡಿ ಹಿಂದಿನಿಂದ ಹೋಗಿ ಅವಳ ಬೆನ್ನಿಗೆ ಕಿವಿ ಹಚ್ಚಿ ನಿಂತಿತ್ತು.

ಗುರುವಾರ ಬೆಳಗ್ಗೆ ಅವಳು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಳು. ನಾನು ಏನೂ ಕೇಳಲಿಲ್ಲ. ಕೇಳಿದರೆ ಮನಸ್ಸು ಬದಲಾಯಿಸಿಬಿಟ್ಟಾಳು ಎಂಬ ಹೆದರಿಕೆ. ಕಡ್ಡಿಯ ಕೆನ್ನೆ ಸವರಿ, ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿದಳು. ನಾನೂ ಕಡ್ಡಿಯೂ ಬಾಗಿಲಲ್ಲಿ ನಿಂತಿದ್ದೆವು. ಕೆಳಗಿನ ತಿರುವಿಗೆ ಹೋಗಿ, ತಲೆಯೆತ್ತಿ, ದಿನವೂ ಹೇಳುವ ಹಾಗೆ ಹೇಳಿದಳು.

"ಸಂಜೆ ಬರ್ತೀನಿ."

ಕಡ್ಡಿ ಅಮ್ಮನಿಗೆ ಕೈಬೀಸುತ್ತ ನನ್ನ ಮುಖ ನೋಡಿತು, ನಾನು ಕೂಗಿ ಹೇಳಲಿ ಎಂದು. ನಾನು ಬಾಯಿ ತೆರೆದೆ. ಗಾಳಿ ಬಂತು.

ಕೆಳಗಿನಿಂದ ಅವಳು ಇದನ್ನು ನೋಡಿದಳು. ಬ್ಯಾಗನ್ನು ಮೆಟ್ಟಿಲ ಮೇಲಿಟ್ಟಳು. ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡಳು. ಆಮೇಲೆ ನನ್ನ ಹೆಂಡತಿ, ಜನ್ಮದಲ್ಲಿ ದನಿ ಏರಿಸದವಳು, ಗಂಟಲು ಹರಿಯುವ ಹಾಗೆ ಕಿರುಚಿದಳು.

"ಕಡ್ಡೀ! ಸಂಜೆ ಬರ್ತೀನಿ! ಡಾಕ್ಟರ್ ಏನಂದ್ರು ಅಂತ ನೀನೇ ಹೇಳ್ಬೇಕು! ನಾನು ಕೇಳ್ತೀನಿ!"

ಮೆಟ್ಟಿಲ ಸಾಲೆಲ್ಲ ಗಡಗಡ ಎಂದಿತು. ಮೇಲಿನ ಮನೆಯ ಬಾಗಿಲು ತೆರೆಯಿತು, ಕೆಳಗಿನ ಮನೆಯದೂ ತೆರೆಯಿತು. ಎದುರುಮನೆಯ ಮೇಷ್ಟ್ರು ಮುಖಕ್ಕೆ ಸೋಪು ಹಚ್ಚಿಕೊಂಡೇ ಹೊರಗೆ ಬಂದು, "ಏನಾಯ್ತು? ಇವರದ್ದಾ ದನಿ?" ಎಂದು ನನ್ನನ್ನು ಕೇಳಿದರು. ನಾನು ಏನೆಂದು ಹೇಳಲಿ? ಹೇಳಲು ದನಿಯೂ ಇರಲಿಲ್ಲ.

ಕಡ್ಡಿ ಅಮ್ಮನನ್ನೇ ನೋಡುತ್ತಿತ್ತು. ಅದರ ಬಾಯಿ ತೆರೆದದ್ದು ಹಾಗೇ ಇತ್ತು. ಆಮೇಲೆ ಕಂಬಿಗೆ ಓಡಿಹೋಗಿ, ತುದಿಗಾಲಲ್ಲಿ ನಿಂತು, ಅದೂ ಅಷ್ಟೇ ಜೋರಾಗಿ ಕಿರುಚಿತು.

"ಸಂಜೆ ಬರ್ತೀಯ! ಡಾಕ್ಟರ್ ಏನಂದ್ರು ಅಂತ ನಾನೇ ಹೇಳ್ಬೇಕು! ನೀನು ಕೇಳ್ತೀಯ!"

ಅಕ್ಷರ ತಪ್ಪಿಲ್ಲ. ನನ್ನ ಸಹಾಯವೂ ಇಲ್ಲ. ಅವಳು ಬ್ಯಾಗು ಎತ್ತಿಕೊಂಡು ಬೀದಿಗಿಳಿದಳು. ಕಣ್ಣು ಒರೆಸಿಕೊಂಡದ್ದು ಮೇಲಿನಿಂದ ಕಾಣಿಸಿತು, ನಡಿಗೆ ಮಾತ್ರ ನೆಟ್ಟಗಿತ್ತು.

ಡಾಕ್ಟರಮ್ಮ ಕಡ್ಡಿಯನ್ನು ಒಂದು ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿಸಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಗುಂಡಿ ಹಿಡಿದು ಮಗು ಕಾಯುತ್ತಿತ್ತು, ಕಾಯುತ್ತಲೇ ಇತ್ತು. ಆಮೇಲೆ ಕಿವಿಯ ಹಿಂದಿನ ಮೂಳೆಗೆ ಒಂದು ಸಣ್ಣ ಡಬ್ಬಿ ಒತ್ತಿ ಮತ್ತೆ ಶಬ್ದ ಬಿಟ್ಟರು. ಕಡ್ಡಿ ಟಪಟಪ ಗುಂಡಿ ಒತ್ತತೊಡಗಿತು.

"ಹೆದರಬೇಡಿ," ಎಂದರು ಡಾಕ್ಟರಮ್ಮ. "ಒಳಗಿನ ಕಿವಿ ಚೆನ್ನಾಗಿದೆ. ಕಿವಿಯ ಪರದೆ ಹಿಂದೆ ನೀರು ಕಟ್ಟಿದೆ, ಮಕ್ಕಳಲ್ಲಿ ಆಗುತ್ತೆ. ದಿಂಬಿನ ಆಚೆಯಿಂದ ಕೇಳಿಸಿದ ಹಾಗೆ ಕೇಳಿಸುತ್ತೆ ಅವಳಿಗೆ. ಮೂಳೆಗೆ ತಾಗಿಸಿದ್ರೆ ಚೆನ್ನಾಗೇ ಕೇಳುತ್ತೆ. ಯಾರ ಮೈಗಾದ್ರೂ ಕಿವಿ ಒತ್ತಿಕೊಂಡು ಕೂರೋ ಅಭ್ಯಾಸ ಇದೆಯಾ ಇವಳಿಗೆ?"

ನಾನು ತಲೆಯಾಡಿಸಿದೆ. ಅಮ್ಮನ ಬೆನ್ನು ನೆನಪಾಯಿತು. ಸಿಕ್ಕಾಗಷ್ಟೇ ಅಮ್ಮ ಎಂದು ಅಂಟಿಕೊಂಡಿದೆ ಎಂದು ಅಕ್ಕ ಅಂದಿದ್ದಳಲ್ಲ. ಮಗು ಅಲ್ಲಿ ನಿಂತು ಅಮ್ಮನ ಮಾತು ಕೇಳುತ್ತಿತ್ತು. ಮನೆಯಲ್ಲಿ ಅದು ಕೇಳಿಸುತ್ತಿದ್ದದ್ದು ಆ ಒಂದು ಜಾಗದಲ್ಲಿ ಮಾತ್ರ.

"ಮನೇಲಿ ಯಾರಾದ್ರೂ ಜೋರಾಗಿ ಮಾತಾಡ್ತಾರಾ? ಅದಕ್ಕೇ ಇಷ್ಟು ದಿನ ಗೊತ್ತಾಗಿಲ್ಲ ಅನ್ಸುತ್ತೆ," ಎಂದರು ಡಾಕ್ಟರಮ್ಮ.

"ನಾನೇ," ಎಂದು ಪಿಸುಗುಟ್ಟಿದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಸಂಜೆ ಅವಳು ಬರುವ ಹೊತ್ತಿಗೆ ಕಡ್ಡಿ ಮೆಟ್ಟಿಲ ಮೇಲೆ ಕಾಯುತ್ತ ಕೂತಿತ್ತು. ಅಮ್ಮ ತಿರುವಿನಲ್ಲಿ ಕಾಣಿಸಿದ್ದೇ ತಡ, ದಿಂಬು, ನೀರು, ಗುಂಡಿ, ಕಿವಿಯೊಳಗೆ ಇಡುವ ಅಕ್ಕಿಕಾಳಿನಷ್ಟು ಸಣ್ಣ ಕೊಳವೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿತು. ಅವಳು ಮೆಟ್ಟಿಲ ಮೇಲೇ ಕೂತು ಪೂರ್ತಿ ಕೇಳಿದಳು. ಕೇಳಿ, ಎಲ್ಲವನ್ನೂ ಜೋರಾಗಿ ತಿರುಗಿ ಹೇಳಿದಳು. ಕಡ್ಡಿ ಒಂದು ಕಡೆ ತಿದ್ದಿತು.

ಅವಳ ದನಿ ಒಡೆದುಹೋಗಿತ್ತು. ಬೆಳಗ್ಗೆ ಕೂತ ಕೂಡಲೇ ಪರೀಕ್ಷಕರು, "ಗಂಟಲಿಗೇನಾಯ್ತು? ಹುಷಾರಿಲ್ವಾ?" ಎಂದು ಕೇಳಿದರಂತೆ. "ಮಗಳ ಹತ್ರ ಕಿರುಚಿ ಬಂದೆ," ಎಂದಳಂತೆ ಇವಳು. ಅವರು ಕನ್ನಡಕದ ಮೇಲಿಂದ ನೋಡಿ, ಹಿಂದಿನ ಕುರ್ಚಿಯಲ್ಲಿ ಕೂತರಂತೆ. ಇಡೀ ದಿನ ಆ ಒಡಕು ದನಿಯಲ್ಲೇ ವಿಮಾನಗಳನ್ನು ಇಳಿಸಿದಳು, ಏರಿಸಿದಳು. ಕುರ್ಚಿ ಅವಳಿಗೇ ಸಿಕ್ಕಿತು. ಅಕ್ಕನಿಗೆ ಸುದ್ದಿ ತಿಳಿಸಿದವನು ನಾನೇ. ಅಷ್ಟರಲ್ಲಿ ನನ್ನ ದನಿ ವಾಪಸು ಬಂದಿತ್ತು. ಫೋನು ಇಲ್ಲದಿದ್ದರೂ ಅವಳಿಗೆ ಕೇಳಿಸುತ್ತಿತ್ತು.

ಮುಂದಿನ ತಿಂಗಳು ಕಡ್ಡಿಯ ಕಿವಿಗೆ ಕೊಳವೆ ಇಟ್ಟರು. ಆಸ್ಪತ್ರೆಯಿಂದ ಬಂದ ದಿನ ಇಬ್ಬರೂ ಮನೆಯಲ್ಲಿದ್ದೆವು. ಅವಳು ರಜೆ ಹಾಕಿದ್ದಳು, ನಾನು ಗ್ರೈಂಡರ್ ಮುಚ್ಚಿಟ್ಟಿದ್ದೆ. ಸಂಜೆ ಊಟಕ್ಕೆ ಕೂತಾಗ ಅವಳು ತನ್ನ ಮೊದಲಿನ ದನಿಯಲ್ಲಿ, ಏರಿಸದೆ ಇಳಿಸದೆ, ಹೇಳಿದಳು.

"ನಾಳೆ ನಂದು ಹಗಲು ಪಾಳಿ. ಅಪ್ಪ ಸ್ಕೂಲಿಗೆ ಬಿಡ್ತಾರೆ. ಸಂಜೆ ನಾನು ಕರ್ಕೊಂಡು ಬರ್ತೀನಿ."

ನಾನು ಉಸಿರು ತುಂಬಿಕೊಂಡು ಬಾಯಿ ತೆರೆದೆ.

"ನಾಳೆ ಹಗಲು ಪಾಳಿ. ಅಪ್ಪ ಬಿಡ್ತಾರೆ. ಸಂಜೆ ನೀನು ಕರ್ಕೊಂಡು ಬರ್ತೀಯ," ಎಂದುಬಿಟ್ಟಿತು ಕಡ್ಡಿ. ನನ್ನ ಕಡೆ ನೋಡಲೂ ಇಲ್ಲ. ಆಮೇಲೆ ಅಮ್ಮನನ್ನೇ ನೋಡುತ್ತ, "ಅಮ್ಮ, ನಿನ್ನ ದನಿ ಹಿಂಗಿರೋದಾ?" ಎಂದು ಕೇಳಿತು.

ಅವಳು ಕಡ್ಡಿಯನ್ನು ಹತ್ತಿರ ಎಳೆದುಕೊಂಡಳು. ನನ್ನ ಕಣ್ಣು ಮಂಜಾಯಿತು. ಹೊಟ್ಟೆಯ ಮೂಲೆಯಲ್ಲಿ ಒಂದಿಷ್ಟು ಉರಿಯೂ ಆಯಿತು, ಯಾಕೆ ಸುಳ್ಳು ಹೇಳಲಿ. ಇಷ್ಟು ದಿನ ಆ ಮಗುವಿಗೆ ಇಡೀ ಲೋಕವನ್ನು ಕೇಳಿಸಿದ ಗಂಟಲು ನನ್ನದು. ಈಗ ಸಾಲಿನಲ್ಲಿ ಹಿಂದೆ ಬಿದ್ದೆ.

"ನಾಳೆ ಹಗಲು ಪಾಳಿ! ನಾನು ಬಿಡ್ತೀನಿ! ಸಂಜೆ ನೀನು ಕರ್ಕೊಂಡು ಬರ್ತೀಯ!" ಎಂದು ನನ್ನ ಪಾಲಿನದನ್ನು ಹೇಳಿದೆ.

ಕಡ್ಡಿ ಎರಡೂ ಕಿವಿ ಮುಚ್ಚಿಕೊಂಡಿತು. "ಅಪ್ಪಾ! ಮೆಲ್ಲಗೆ! ನಾವು ಇಲ್ಲೇ ಇದ್ದೀವಿ!"

ಊಟವಾದ ಮೇಲೆ ಅವಳು ಸಾಹೇಬರ ಜೊತೆ ಫೋನಿನಲ್ಲಿ ಮಾತಾಡುತ್ತ ಕಿಟಕಿಯ ಹತ್ತಿರ ನಿಂತಿದ್ದಳು. ಕಡ್ಡಿ ಸದ್ದಿಲ್ಲದೆ ಹೋಗಿ, ಎಂದಿನಂತೆ ಬೆನ್ನಿಗೆ ಕಿವಿ ಹಚ್ಚಿ ನಿಂತಿತು. ನಾನು ಹತ್ತಿರ ಹೋಗಿ, ಕಷ್ಟಪಟ್ಟು ಪಿಸುದನಿಯಲ್ಲಿ ಕೇಳಿದೆ.

"ಈಗ ದೂರದಿಂದಾನೇ ಕೇಳುತ್ತಲ್ಲ, ಮತ್ಯಾಕೆ?"

"ಕೇಳೋಕಲ್ಲ," ಎಂದಿತು ಕಡ್ಡಿ. "ಸುಮ್ನೆ."